ಸೈಲೆನ್ಸರ್ ಬದಲಿಸಿದ ಮೇಲೆ ಮೈಲೇಜ್ ಇಳಿದಿದೆ, ಲೈಟ್ ಹತ್ತುತ್ತಿದೆ: ಎಂಜಿನ್‌ಗೆ ಹಾನಿಯಾಗಿದೆಯೇ?

ಪ್ರಶ್ನೆ: ನಾನು ದಾವಣಗೆರೆಯವನು. ಎರಡು ವರ್ಷದ ಹಿಂದೆ ಕೊಂಡ ನನ್ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕು 14 ಸಾವಿರ ಕಿ.ಮೀ. ಓಡಿದೆ. ಮೂರು ತಿಂಗಳ ಹಿಂದೆ ಬೆಂಗಳೂರಿನಿಂದ ಬೆಂಡ್ ಪೈಪ್ (ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೊಗೆ ಒಯ್ಯುವ ಬಾಗಿದ ಕೊಳವೆ) ಸಮೇತ ಹೊಸ ಸೈಲೆನ್ಸರ್ ತರಿಸಿ ನಮ್ಮೂರಿನ ಗ್ಯಾರೇಜ್‌ನಲ್ಲಿ ಹಾಕಿಸಿದೆ. ಪಿಕಪ್ ಹೆಚ್ಚುತ್ತದೆ, ಮೈಲೇಜ್‌ಗೆ ಏನೂ ಆಗುವುದಿಲ್ಲ ಎಂದಿದ್ದರು. ಮೊದಲ ವಾರ ಸದ್ದು ಕೇಳಿ ಬಹಳ ಖುಷಿಯಾಯಿತು. ಈಗ ಥ್ರಾಟಲ್ ಬಿಟ್ಟಾಗಲೆಲ್ಲ ಪಟಪಟ ಎಂದು ಸಿಡಿಯುತ್ತದೆ. ಊರೊಳಗೆ ಮೂರನೇ ಗೇರ್‌ನಲ್ಲಿ ನಿಧಾನವಾಗಿ ಹೋಗುವಾಗ ಬೈಕು ಎಳೆಯುವುದೇ ಇಲ್ಲ. 35 ಕೊಡುತ್ತಿದ್ದ ಮೈಲೇಜ್ 29ಕ್ಕೆ ಇಳಿದಿದೆ, ಚೆಕ್ ಎಂಜಿನ್ ಲೈಟ್ ಆಗಾಗ ಹತ್ತಿ ಆರುತ್ತದೆ, ಬೆಂಡ್ ಪೈಪ್ ನೀಲಿ ಬಣ್ಣಕ್ಕೆ ತಿರುಗಿದೆ. ಹಿಂದೆ ಕೂರುವ ನನ್ನ ಹೆಂಡತಿ ಕಾಲಿಗೆ ಬಿಸಿ ತಟ್ಟುತ್ತದೆ ಎನ್ನುತ್ತಾಳೆ. ಒಮ್ಮೆ ಪೊಲೀಸರು ತಡೆದು, ಎಚ್ಚರಿಕೆ ಕೊಟ್ಟು ಬಿಟ್ಟರು. ಇನ್ನಷ್ಟು ದುಡ್ಡು ಹಾಕಿ ಇಸಿಯು (ಎಂಜಿನ್ ನಿಯಂತ್ರಿಸುವ ಸಣ್ಣ ಕಂಪ್ಯೂಟರ್) ಟ್ಯೂನಿಂಗ್ ಮಾಡಿಸಿ ಎಂದು ಗ್ಯಾರೇಜ್‌ನವರು ಹೇಳುತ್ತಾರೆ. ಎಂಜಿನ್ ಕೆಟ್ಟೇ ಹೋಗುತ್ತದೆ ಎಂದು ಕೆಲವರು, ಏನೂ ಆಗುವುದಿಲ್ಲ ಎಂದು ಕೆಲವರು. ನಮ್ಮ ತಂದೆಯವರು ತಮ್ಮ ಯೆಜ್ಡಿಗೆ ಸೈಲೆನ್ಸರ್ ಬದಲಿಸಿದಾಗ ನಿಜಕ್ಕೂ ಪಿಕಪ್ ಏರಿತ್ತಂತೆ. ನನ್ನ ಬೈಕಿಗೆ ಮಾತ್ರ ಏಕೆ ಹೀಗಾಯಿತು? ಹಳೆಯ ಸೈಲೆನ್ಸರ್ ಅಟ್ಟದ ಮೇಲಿದೆ. ಅದನ್ನೇ ವಾಪಸ್ ಹಾಕಿಸಲೇ, ಟ್ಯೂನಿಂಗ್ ಮಾಡಿಸಲೇ, ಅಥವಾ ಒಳ್ಳೆಯ ಬ್ರ್ಯಾಂಡಿನದನ್ನು ಕೊಳ್ಳಲೇ?

ಉತ್ತರ: ನಿಮ್ಮ ಆತಂಕದಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಇಷ್ಟರಲ್ಲೇ ಎಂಜಿನ್ ಹಾಳಾಗಿದೆಯೇ ಎಂಬುದು ಒಂದು, ಮುಂದೇನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೇರವಾಗಿ ಉತ್ತರಿಸುವುದಾದರೆ, ನೀವು ಬರೆದಿರುವ ಲಕ್ಷಣಗಳಲ್ಲಿ ಎಂಜಿನ್ ಒಳಭಾಗಕ್ಕೆ ಶಾಶ್ವತ ಹಾನಿಯಾಗಿದೆ ಎಂದು ಹೇಳುವಂಥದ್ದು ಒಂದೂ ಇಲ್ಲ. ಆದರೆ ಇದೇ ಸ್ಥಿತಿಯಲ್ಲಿ ಇನ್ನೊಂದು ವರ್ಷ ಓಡಿಸಿದರೆ ಅದೇ ಮಾತನ್ನು ಹೇಳುವ ಧೈರ್ಯ ನನಗಿಲ್ಲ. ಎರಡು ದಶಕಗಳಿಂದ ಬೈಕುಗಳ ಎಂಜಿನ್ ಬಿಚ್ಚಿ ಜೋಡಿಸುತ್ತಿರುವ ಅನುಭವದ ಮೇಲೆ ಹೇಳುವುದಾದರೆ, ಸಿಡಿತ, ಮೈಲೇಜ್ ಇಳಿತ ಮತ್ತು ಚೆಕ್ ಎಂಜಿನ್ ಲೈಟ್ ಈ ಮೂರೂ ಒಟ್ಟಿಗೆ ಬಂದಾಗ ನಾನು ಮೊದಲು ಕೈಯಿಡುವುದು ಬೆಂಡ್ ಪೈಪ್ ಎಂಜಿನ್‌ನ ಹೆಡ್ಡಿಗೆ (ಸಿಲಿಂಡರಿನ ಮೇಲ್ಭಾಗಕ್ಕೆ) ಸೇರುವ ಜಾಗಕ್ಕೆ. ಕಾರಣವನ್ನು ವಿವರಿಸುವ ಮೊದಲು ನಿಮ್ಮ ತಂದೆಯವರ ಯೆಜ್ಡಿಯ ವಿಷಯ ಹೇಳಬೇಕು, ಏಕೆಂದರೆ ಸೈಲೆನ್ಸರ್ ಕುರಿತು ನಮ್ಮ ನಡುವೆ ಇರುವ ನಂಬಿಕೆಗಳ ಬೇರು ಅಲ್ಲಿಯೇ ಇದೆ.

ತಂದೆಯವರು ಹೇಳಿದ್ದು ಸುಳ್ಳಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ಡಿ, ಆಮೇಲೆ ಬಂದ ಆರ್‌ಎಕ್ಸ್ 100, ಇವೆಲ್ಲ ಟೂ ಸ್ಟ್ರೋಕ್ ಎಂಜಿನ್‌ಗಳು. ಈ ಎಂಜಿನ್‌ಗಳಲ್ಲಿ ಹೊಗೆ ಹೊರಹೋಗುವ ಕಿಂಡಿಯೂ ಹೊಸ ಮಿಶ್ರಣ ಒಳಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುವುದರಿಂದ, ಹೊಗೆಯ ಜೊತೆ ಹೊಸ ಪೆಟ್ರೋಲೂ ಹೊರಗೆ ಜಾರಿಹೋಗುತ್ತದೆ. ಹಾಗೆ ಜಾರಿದ್ದನ್ನು ಸೈಲೆನ್ಸರ್‌ನ ಒಳಗಿನ ಆಕಾರದಿಂದ ಹಿಂದಿರುಗುವ ಒತ್ತಡದ ಅಲೆ ಮತ್ತೆ ಒಳಕ್ಕೆ ತಳ್ಳುತ್ತದೆ. ಆದ್ದರಿಂದ ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಎಂದರೆ ಅಕ್ಷರಶಃ ಎಂಜಿನ್‌ನ ಅರ್ಧ ಭಾಗ. ಇನ್ನೊಂದು ಕಾರಣವೂ ಇತ್ತು. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ ಸರಿಯಾಗಿ ಉರಿಯದೆ ಆ ಸೈಲೆನ್ಸರ್‌ಗಳ ಒಳಗೆ ಡಾಂಬರಿನಂಥ ಕಾರ್ಬನ್ ಕಟ್ಟಿಕೊಳ್ಳುತ್ತಿತ್ತು. ಗ್ಯಾರೇಜ್‌ನ ಹಿಂದೆ ಸೈಲೆನ್ಸರ್ ಬಿಚ್ಚಿಟ್ಟು, ಕಾಸ್ಟಿಕ್ ಸೋಡಾ ನೀರು ತುಂಬಿಸಿ, ಇಲ್ಲವೇ ಬೆಂಕಿಗೆ ಹಿಡಿದು ಆ ಕಾರ್ಬನ್ ಸುಡುತ್ತಿದ್ದುದನ್ನು ಆ ಕಾಲದವರು ಇನ್ನೂ ಮರೆತಿಲ್ಲ. ಕಟ್ಟಿಕೊಂಡ ಸೈಲೆನ್ಸರ್ ತೆಗೆದು ಹೊಸದನ್ನು ಹಾಕಿದಾಗ ಬೈಕು ಚುರುಕಾಗಲೇಬೇಕು. ಆ ಅನುಭವದಿಂದ ಹುಟ್ಟಿದ "ಸೈಲೆನ್ಸರ್ ಬದಲಿಸಿದರೆ ಪಿಕಪ್" ಎಂಬ ಮಾತನ್ನು ನಾವು ಇಂದಿನ ಫೋರ್ ಸ್ಟ್ರೋಕ್, ಇಂಜೆಕ್ಷನ್ ಬೈಕುಗಳಿಗೂ ಹಾಗೆಯೇ ಅಂಟಿಸಿಬಿಟ್ಟಿದ್ದೇವೆ.

ನಿಮ್ಮ ಬೈಕಿನ 349 ಸಿಸಿ ಎಂಜಿನ್ 6,100 ಆರ್‌ಪಿಎಂನಲ್ಲಿ ಸುಮಾರು 20 ಅಶ್ವಶಕ್ತಿಯನ್ನೂ, 4,000 ಆರ್‌ಪಿಎಂನಲ್ಲಿ 27 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತದೆ. ಅಂದರೆ ಇದು ಕಡಿಮೆ ವೇಗದಲ್ಲೇ ಬಲವಾಗಿ ಎಳೆಯಲಿ ಎಂಬ ಉದ್ದೇಶದಿಂದ ಮಾಡಿದ ಎಂಜಿನ್. ಬೆಂಡ್ ಪೈಪಿನ ಉದ್ದ, ಅದರ ಒಳವ್ಯಾಸ, ಸೈಲೆನ್ಸರ್ ಒಳಗಿನ ಕೋಣೆಗಳ ಗಾತ್ರ ಇವೆಲ್ಲವನ್ನೂ ಆ ಉದ್ದೇಶಕ್ಕೆ ತಕ್ಕಂತೆ ಹೊಂದಿಸಿರುತ್ತಾರೆ. ಬಾವಿಯೊಳಗೆ ಇಣುಕಿ ಕೂಗಿದರೆ, ಬಾವಿಯ ಆಳಕ್ಕೆ ತಕ್ಕ ಹೊತ್ತಿಗೆ ದನಿ ಮರಳಿ ಬರುತ್ತದೆ. ಹಾಗೆಯೇ ಎಂಜಿನ್‌ನಿಂದ ಹೊರಟ ಪ್ರತಿಯೊಂದು ಒತ್ತಡದ ಅಲೆಯೂ ಪೈಪಿನ ತೆರೆದ ತುದಿ ತಲುಪಿ, ಅಲ್ಲಿಂದ ಸೆಳೆಯುವ ಅಲೆಯಾಗಿ ಹಿಂದಿರುಗುತ್ತದೆ. ಎರಡೂ ವಾಲ್ವ್‌ಗಳು (ಮಿಶ್ರಣ ಒಳಬಿಡುವ ಮತ್ತು ಹೊಗೆ ಹೊರಬಿಡುವ ಬಾಗಿಲುಗಳು) ಒಂದಿಷ್ಟು ತೆರೆದಿರುವ ಆ ಕ್ಷಣಕ್ಕೆ ಅದು ಸರಿಯಾಗಿ ಬಂದರೆ ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ, ಹೊತ್ತು ತಪ್ಪಿ ಬಂದರೆ ಅಡ್ಡಿಯಾಗುತ್ತದೆ. ನೀವು ಹಾಕಿಸಿದ ಪೈಪು ಕಂಪನಿಯದಕ್ಕಿಂತ ದಪ್ಪವಾಗಿದ್ದರೆ, ಇಲ್ಲವೇ ಒಳಗೆ ಕೋಣೆಗಳೇ ಇಲ್ಲದ ನೇರ ಕೊಳವೆಯಾಗಿದ್ದರೆ, ಕಡಿಮೆ ಆರ್‌ಪಿಎಂನಲ್ಲಿ ಹೊಗೆಯ ವೇಗ ತಗ್ಗಿ, ಅಲೆಯ ಹೊತ್ತೂ ತಪ್ಪುತ್ತದೆ. ಊರೊಳಗೆ ಮೂರನೇ ಗೇರ್‌ನಲ್ಲಿ ಬೈಕು ಎಳೆಯದಿರುವುದಕ್ಕೆ ನನಗೆ ಕಾಣುವ ಕಾರಣ ಇದು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಬಿಡಿಸಿ ಹೇಳಬೇಕು. "ಎಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕು, ಅದಿಲ್ಲದಿದ್ದರೆ ವಾಲ್ವ್ ಸುಡುತ್ತದೆ" ಎನ್ನುವವರಿದ್ದಾರೆ. "ಹೊಗೆಗೆ ಅಡ್ಡಿಯಿಲ್ಲದಂತೆ ಪೂರ್ತಿ ಫ್ರೀ ಫ್ಲೋ ಮಾಡಿದರೆ ಎಂಜಿನ್ ಹಗುರಾಗಿ ಉಸಿರಾಡುತ್ತದೆ" ಎನ್ನುವವರೂ ಇದ್ದಾರೆ. ಎರಡೂ ಅರ್ಧ ಸತ್ಯ. ಹೊಗೆಯನ್ನು ತಡೆಯುವ ಒತ್ತಡ ಯಾವ ಎಂಜಿನ್‌ಗೂ ಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಸರಿಯಾದ ಹೊತ್ತಿಗೆ ಮರಳುವ ಅಲೆ ಮತ್ತು ಸರಿಯಾದ ಪ್ರಮಾಣದ ಪೆಟ್ರೋಲ್. ಕಂಪನಿಯ ಬೆಂಡ್ ಪೈಪನ್ನು ಹಾಗೆಯೇ ಉಳಿಸಿಕೊಂಡು ಹಿಂದಿನ ಸೈಲೆನ್ಸರ್ ಒಂದನ್ನೇ ಬದಲಿಸಿದಾಗ ಇಂಥ ಬೈಕುಗಳಲ್ಲಿ ಸಿಗುವ ಹೆಚ್ಚುವರಿ ಶಕ್ತಿ, ನಾನು ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ನೋಡಿರುವ ಮಟ್ಟಿಗೆ, ಬಹುಪಾಲು ಒಂದು ಅಶ್ವಶಕ್ತಿಯ ಒಳಗೇ ಇರುತ್ತದೆ. ಅದೂ ನೀವು ಅಪರೂಪಕ್ಕೆ ಮುಟ್ಟುವ ಮೇಲಿನ ಆರ್‌ಪಿಎಂನಲ್ಲಿ. ಸದ್ದು ಹೆಚ್ಚಾದಾಗ ವೇಗವೂ ಹೆಚ್ಚಾದಂತೆ ಕಿವಿಗೆ ಅನ್ನಿಸುವುದು ಸಹಜ. ಅದನ್ನು ನಂಬದೆ, ಖಾಲಿ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ 40ರಿಂದ 70 ಕಿ.ಮೀ. ವೇಗ ತಲುಪಲು ಎಷ್ಟು ಸೆಕೆಂಡ್ ಬೇಕೆಂದು ಎರಡೂ ಸೈಲೆನ್ಸರ್‌ಗಳಲ್ಲಿ ಅಳೆದು ನೋಡಿ. ನನ್ನ ಗ್ಯಾರೇಜ್‌ಗೆ ಬರುವವರಿಂದ ನಾನು ಇದನ್ನು ಮಾಡಿಸುತ್ತೇನೆ, ಹಿಂದೆ ಕೂತವರ ಕೈಯಲ್ಲಿ ಗಡಿಯಾರ ಕೊಟ್ಟು.

ಇನ್ನು ನಿಮ್ಮ ಮೈಲೇಜ್ ಮತ್ತು ಲೈಟಿನ ವಿಷಯ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ನಿಮ್ಮಂಥ ಬೈಕುಗಳ ಬೆಂಡ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಮೂಸಿ ನೋಡಿ, ಮಿಶ್ರಣ ಗಟ್ಟಿಯಾಗಿದೆಯೋ ತೆಳುವಾಗಿದೆಯೋ ಎಂಬುದನ್ನು ಈ ಸೆನ್ಸರ್ ಒಂದು ವೋಲ್ಟಿಗೂ ಕಡಿಮೆಯ ಸಣ್ಣ ವಿದ್ಯುತ್ ಸಂಕೇತದ ಮೂಲಕ ಇಸಿಯುಗೆ ಹೇಳುತ್ತಲೇ ಇರುತ್ತದೆ. ಇಸಿಯು ಅದಕ್ಕೆ ತಕ್ಕಂತೆ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಒಂದೇ ವೇಗದಲ್ಲಿ ಆರಾಮವಾಗಿ ಓಡಿಸುವಾಗ ನಿಮ್ಮ ಮೈಲೇಜನ್ನು ಕಾಯುವುದು ಇದೇ ಮಾತುಕತೆ.

ಈಗ ಬೆಂಡ್ ಪೈಪ್ ಹೆಡ್ಡಿಗೆ ಕೂರುವ ಜಾಗವನ್ನು ನೆನೆಸಿಕೊಳ್ಳಿ. ಅಲ್ಲಿ ಉಂಗುರದಂಥ ಒಂದು ಗ್ಯಾಸ್ಕೆಟ್ ಇರುತ್ತದೆ. ಒಮ್ಮೆ ಬಿಗಿದಾಗ ಅದು ಅಮುಕಿ ಆ ಜಾಗದ ಆಕಾರಕ್ಕೆ ಕೂರುತ್ತದೆ. ಪೈಪು ಬಿಚ್ಚಿದರೆ ಹೊಸದನ್ನೇ ಹಾಕಬೇಕು, ಆದರೆ ಬಹಳಷ್ಟು ಕಡೆ ಹಳೆಯದನ್ನೇ ಮತ್ತೆ ಕೂರಿಸುತ್ತಾರೆ. ಹೊರಗಿನಿಂದ ಕೊಂಡ ಬೆಂಡ್ ಪೈಪಿನ ಫ್ಲ್ಯಾಂಜ್ (ಹೆಡ್ಡಿಗೆ ಒತ್ತಿ ಕೂರುವ ಅಂಚು) ಕೂದಲೆಳೆಯಷ್ಟು ಸೊಟ್ಟಗಿದ್ದರೂ ಅಲ್ಲಿ ಸಂದು ಉಳಿಯುತ್ತದೆ. ಆ ಸಂದಿನಿಂದ ಹೊಗೆ ಹೊರಬರುವುದಷ್ಟೇ ಅಲ್ಲ, ಪ್ರತಿ ಒತ್ತಡದ ಅಲೆಯ ಹಿಂದೆ ಬರುವ ಸೆಳೆತಕ್ಕೆ ಹೊರಗಿನ ಗಾಳಿ ಒಳಕ್ಕೂ ಹೋಗುತ್ತದೆ. ಆ ಗಾಳಿಯಲ್ಲಿರುವ ಆಮ್ಲಜನಕವನ್ನು ಸೆನ್ಸರ್ ಎಂಜಿನ್‌ನಿಂದಲೇ ಬಂದದ್ದೆಂದು ತಿಳಿದು "ಪೆಟ್ರೋಲ್ ಸಾಲುತ್ತಿಲ್ಲ" ಎಂದು ವರದಿ ಮಾಡುತ್ತದೆ. ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ. ಸಂದು ಹಾಗೇ ಇರುವುದರಿಂದ ವರದಿ ಬದಲಾಗುವುದಿಲ್ಲ, ಇಸಿಯು ಮತ್ತೆ ಹೆಚ್ಚಿಸುತ್ತದೆ. ತನ್ನ ತಿದ್ದುಪಡಿಯ ಮಿತಿ ಮುಗಿದಾಗ ಲೈಟ್ ಹತ್ತಿಸುತ್ತದೆ. 35ರಿಂದ 29ಕ್ಕೆ ಇಳಿಯುವುದೆಂದರೆ ನೂರಕ್ಕೆ ಹದಿನೇಳರಷ್ಟು ನಷ್ಟ. ಬರೀ ಬಲಗೈಯ ಹುರುಪಿನಿಂದ ಅಷ್ಟು ಇಳಿಯುವುದು ಕಡಿಮೆ.

ಥ್ರಾಟಲ್ ಬಿಟ್ಟಾಗಿನ ಸಿಡಿತವೂ ಇದರ ಜೊತೆಗಾರನೇ. ಥ್ರಾಟಲ್ ಮುಚ್ಚಿದ ಕ್ಷಣ ಸಿಲಿಂಡರಿನಲ್ಲಿ ಸರಿಯಾಗಿ ಉರಿಯದ ಪೆಟ್ರೋಲ್ ಆವಿ ಬಿಸಿ ಪೈಪಿಗೆ ಬರುತ್ತದೆ. ಸಂದಿನಿಂದ ಬಂದ ಹೊಸ ಗಾಳಿ ಸಿಕ್ಕರೆ ಅಲ್ಲೇ ಹೊತ್ತಿಕೊಳ್ಳುತ್ತದೆ. ಇದನ್ನು ರೇಸಿಂಗ್ ಬೈಕಿನ ಲಕ್ಷಣ ಎಂದು ಮೆಚ್ಚಿಕೊಳ್ಳುವವರಿದ್ದಾರೆ. ಅಪರೂಪಕ್ಕೆ ಒಂದೆರಡು ಸಲ ಮೆಲ್ಲಗೆ ಸಿಡಿದರೆ ಚಿಂತಿಸಬೇಕಿಲ್ಲ, ಕಂಪನಿಯ ಸೈಲೆನ್ಸರ್‌ನಲ್ಲೂ ಅದು ಒಮ್ಮೊಮ್ಮೆ ಆಗುತ್ತದೆ. ಪ್ರತಿ ಸಲವೂ ಆಗುತ್ತಿದ್ದರೆ ಪೆಟ್ರೋಲ್ ಎಲ್ಲಿ ಉರಿಯಬೇಕಿತ್ತೋ ಅಲ್ಲಿ ಉರಿಯುತ್ತಿಲ್ಲ ಎಂದೇ ಅರ್ಥ.

ಸಂದು ಇದೆಯೇ ಎಂದು ನೀವೇ ನೋಡಬಹುದು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಹೆಡ್ಡಿನ ಬಳಿ ಬೆಂಡ್ ಪೈಪ್ ಕೂರುವ ಜಾಗದ ಸುತ್ತ ಬ್ಯಾಟರಿ ಬೆಳಕು ಹಿಡಿಯಿರಿ. ಸೋರಿಕೆಯಿದ್ದರೆ ಅಲ್ಯೂಮಿನಿಯಂ ಮೇಲೆ ಬೀಸಣಿಗೆ ಬಿಚ್ಚಿದ ಆಕಾರದಲ್ಲಿ ಕಪ್ಪು ಮಸಿ ಹರಡಿರುತ್ತದೆ, ಬೆರಳಿಗೆ ಒಣ ಕಾಡಿಗೆಯಂತೆ ಹತ್ತುತ್ತದೆ. ಸೋಪಿನ ನೀರು ಸವರಿ ಎಂಜಿನ್ ಶುರು ಮಾಡಿದರೆ ಮೊದಲ ಅರ್ಧ ನಿಮಿಷದಲ್ಲೇ ಗುಳ್ಳೆ ಏಳುತ್ತದೆ. ಆಮೇಲೆ ಪೈಪು ಕಾಯುವುದರಿಂದ ಕೈ ದೂರವಿಡಿ. ಮಸಿಯೂ ಇಲ್ಲ, ಗುಳ್ಳೆಯೂ ಇಲ್ಲ ಎಂದಾದರೆ ಸೆನ್ಸರನ್ನೇ ಅನುಮಾನಿಸಬೇಕು. ಬೆಂಡ್ ಪೈಪ್ ಬದಲಿಸುವಾಗ ಅದರ ವೈರು ಜಗ್ಗಿರಬಹುದು, ಥ್ರೆಡ್ ಕೆಟ್ಟಿರಬಹುದು, ಅಥವಾ ಹೊಸ ಪೈಪಿನಲ್ಲಿ ಅದಕ್ಕೆ ಕೊಟ್ಟ ಜಾಗ ಎಂಜಿನ್‌ನಿಂದ ದೂರವಿದ್ದು ಬೇಕಾದ ಬಿಸಿ ಸಿಗದಿರಬಹುದು.

ಲೈಟ್ ಆರಿಸಲು ಸೆನ್ಸರಿನ ಕನೆಕ್ಟರ್‌ಗೆ ಒಂದು ಸಣ್ಣ ರೆಸಿಸ್ಟರ್ ಚುಚ್ಚಿಕೊಡುವ ಅಭ್ಯಾಸ ಹಲವು ಗ್ಯಾರೇಜ್‌ಗಳಲ್ಲಿದೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಲೈಟ್ ಆರುತ್ತದೆ ನಿಜ, ಆದರೆ ಅಂದಿನಿಂದ ಎಂಜಿನ್ ಕಣ್ಣು ಕಟ್ಟಿಕೊಂಡು ಓಡುತ್ತದೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲೆಡೆ ಬಂದಿರುವುದರಿಂದ ಇದರ ಅಪಾಯ ಮೊದಲಿಗಿಂತ ಹೆಚ್ಚು. ಎಥನಾಲ್‌ನಲ್ಲಿಯೇ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಗೆ ಸ್ವಲ್ಪ ಹೆಚ್ಚು ಇಂಧನ ಚಿಮ್ಮಿಸಬೇಕು, ಆ ವ್ಯತ್ಯಾಸವನ್ನು ಗುರುತಿಸಿ ಸರಿದೂಗಿಸುವುದು ಈ ಸೆನ್ಸರೇ. ಅದನ್ನು ಕಳಚಿದರೆ ಮಿಶ್ರಣ ತೆಳುವಾಗಿಯೇ ಉಳಿಯುತ್ತದೆ.

ತೆಳು ಮಿಶ್ರಣ ಏಕೆ ಅಪಾಯ ಎಂಬುದನ್ನೂ ಹೇಳಬೇಕು. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಇಸಿಯು ಸೆನ್ಸರಿನ ಮಾತು ಕೇಳುವುದನ್ನು ಬಿಟ್ಟು, ಕಾರ್ಖಾನೆಯಲ್ಲಿ ಬರೆದಿಟ್ಟ ಲೆಕ್ಕದಂತೆ ಪೆಟ್ರೋಲ್ ಹಾಕುತ್ತದೆ, ಸಾಮಾನ್ಯವಾಗಿ ಒಂದು ಪಾಲು ಪೆಟ್ರೋಲಿಗೆ ಹನ್ನೆರಡೂವರೆ ಹದಿಮೂರು ಪಾಲು ಗಾಳಿಯ ಪ್ರಮಾಣದಲ್ಲಿ, ಉದ್ದೇಶಪೂರ್ವಕವಾಗಿ ಗಟ್ಟಿಯಾಗಿ. ಆ ಹೆಚ್ಚುವರಿ ಪೆಟ್ರೋಲ್ ಎಂಜಿನ್ ತಂಪಾಗಿಡಲು ಬೇಕು. ಫ್ರೀ ಫ್ಲೋ ಪೈಪಿನಿಂದ ಗಾಳಿ ಹೆಚ್ಚು ಹರಿದು, ಪೆಟ್ರೋಲಿನ ಲೆಕ್ಕ ಮಾತ್ರ ಹಳೆಯದೇ ಇದ್ದರೆ, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ವೇಗವಾಗಿ ಹೋಗುವಾಗ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಮತ್ತು ಅದು ಮುಚ್ಚಿ ಕೂರುವ ಸೀಟಿನ ಬಿಸಿ ಏರುತ್ತದೆ. ಗಾಳಿಯಿಂದ ತಂಪಾಗುವ ಎಂಜಿನ್‌ಗಳಲ್ಲಿ ಇದನ್ನು ತಡೆದುಕೊಳ್ಳುವ ಅವಕಾಶ ಕಡಿಮೆ. ಅಂದರೆ ಒಂದೇ ಬೈಕು ಊರೊಳಗೆ ಗಟ್ಟಿ ಮಿಶ್ರಣದಲ್ಲಿ ಪೆಟ್ರೋಲ್ ಕುಡಿಯುತ್ತಾ, ಹೆದ್ದಾರಿಯಲ್ಲಿ ತೆಳು ಮಿಶ್ರಣದಲ್ಲಿ ಕಾಯುತ್ತಾ ಇರಬಹುದು. ನಿಮ್ಮ ಸ್ನೇಹಿತರಲ್ಲಿ ಒಬ್ಬರಿಗೆ ಏನೂ ಆಗದೆ, ಇನ್ನೊಬ್ಬರಿಗೆ ವಾಲ್ವ್ ಕೆಲಸ ಬರುವುದು ಈ ಕಾರಣಕ್ಕೆ. ಯಾರು ಹೇಗೆ ಓಡಿಸುತ್ತಾರೆ ಎಂಬುದರ ಮೇಲೆ ಹಾನಿ ನಿಂತಿದೆ.

ಬೆಂಡ್ ಪೈಪ್ ನೀಲಿಯಾದದ್ದನ್ನು ಮಾತ್ರ ಲಕ್ಷಣಗಳ ಪಟ್ಟಿಯಿಂದ ತೆಗೆದುಬಿಡಿ. ಹಲವು ಬೈಕುಗಳ ಕಂಪನಿ ಪೈಪು ಎರಡು ಪದರದ್ದಾಗಿರುವುದರಿಂದ ಹೊರಪದರ ಅಷ್ಟು ಕಾಯುವುದಿಲ್ಲ. ಹೊರಗಿನವು ಬಹುಪಾಲು ಒಂದೇ ಪದರದವು, ಎಲ್ಲ ಸರಿಯಿದ್ದರೂ ಮೊದಲ ದಿನಗಳಲ್ಲೇ ನೀಲಿಯಾಗುತ್ತವೆ. ನಿಮ್ಮ ಮನೆಯವರ ಕಾಲಿಗೆ ಬಿಸಿ ತಟ್ಟುವುದಕ್ಕೂ ಇದೇ ಒಂದು ಕಾರಣ, ಜೊತೆಗೆ ಹೊರಗಿನ ಸೈಲೆನ್ಸರ್‌ಗಳಿಗೆ ಹೀಟ್ ಶೀಲ್ಡ್ ಇರುವುದಿಲ್ಲ, ಇದ್ದರೂ ಫುಟ್‌ರೆಸ್ಟಿನ ಜಾಗಕ್ಕೆ ಸರಿಯಾಗಿ ಬರುವುದಿಲ್ಲ. ಇದನ್ನು ಸಣ್ಣ ದೂರು ಎಂದುಕೊಳ್ಳಬೇಡಿ. ಸೀರೆಯ ಅಂಚು, ಮಗುವಿನ ಮೀನಖಂಡ ಸೈಲೆನ್ಸರ್‌ಗೆ ತಾಗಿ ಸುಟ್ಟದ್ದನ್ನು ನಾನು ಕಂಡಿದ್ದೇನೆ.

ಮೆಕ್ಯಾನಿಕ್ ಆಗಿ ನನಗೆ ಅತಿ ಹೆಚ್ಚು ನೋವು ಕೊಡುವ ಹಾನಿ ಇನ್ನೊಂದಿದೆ, ಅದರ ಬಗ್ಗೆ ಮಾರುವವರು ಮಾತೇ ಆಡುವುದಿಲ್ಲ. ಬೆಂಡ್ ಪೈಪ್ ಹಿಡಿದಿಡುವ ಉಕ್ಕಿನ ಸ್ಟಡ್‌ಗಳು ಅಲ್ಯೂಮಿನಿಯಂ ಹೆಡ್ಡಿನೊಳಗೆ ಕೂತಿರುತ್ತವೆ. ಬಿಸಿ ಮತ್ತು ತೇವಕ್ಕೆ ಅವು ಹಿಡಿದುಕೊಳ್ಳುತ್ತವೆ. ಕರಾವಳಿಯಲ್ಲಿ ಓಡಿದ ಒಂದು ಬೈಕು ಹೀಗೆಯೇ ಸೈಲೆನ್ಸರ್ ಬದಲಿಸಿದ ಮೇಲೆ ಸದ್ದು ಬರುತ್ತಿದೆ ಎಂದು ನನ್ನ ಬಳಿ ಬಂದಿತ್ತು. ಎಲ್ಲೋ ಯಾರೋ ಉದ್ದನೆಯ ಸ್ಪ್ಯಾನರ್ ಹಾಕಿ, ಸೋರಿಕೆ ನಿಲ್ಲಲೆಂದು ಅಳತೆ ಮೀರಿ ಬಿಗಿದಿದ್ದರು. ನಾನು ನಟ್ಟಿಗೆ ಕೈ ಹಾಕಿದಾಗ ಪ್ರತಿರೋಧವೇ ಇಲ್ಲದೆ ಸ್ಟಡ್ ಸಮೇತ ಈಚೆ ಬಂತು, ಅದರ ಥ್ರೆಡ್‌ಗಳ ನಡುವೆ ಹೆಡ್ಡಿನ ಬೆಳ್ಳನೆಯ ಅಲ್ಯೂಮಿನಿಯಂ ತೆಳು ಎಳೆಯಾಗಿ ಸುರುಳಿ ಸುತ್ತಿಕೊಂಡಿತ್ತು. ಆ ರಂಧ್ರವನ್ನು ಮತ್ತೆ ಕೊರೆದು, ಹೆಲಿಕಾಯಿಲ್ ಎಂಬ ತಂತಿಸುರುಳಿಯ ಹೊಸ ಥ್ರೆಡ್ ಕೂರಿಸಿ ಸರಿಮಾಡಬೇಕಾಯಿತು. ಅದೃಷ್ಟಕ್ಕೆ ಹೆಡ್ಡು ಉಳಿಯಿತು. ನೂರಾರು ರೂಪಾಯಿಯ ಗ್ಯಾಸ್ಕೆಟ್ ಮತ್ತು ಹತ್ತು ನಿಮಿಷದ ತಾಳ್ಮೆ ಉಳಿಸಲು ಹೋಗಿ ಹೆಡ್ಡನ್ನೇ ಪಣಕ್ಕಿಟ್ಟಂತಾಗಿತ್ತು. ಹೊರಗಿನ ಸೈಲೆನ್ಸರ್‌ನ ಬ್ರ್ಯಾಕೆಟ್ ಚಾಸಿಯ ರಂಧ್ರಕ್ಕೆ ಸರಿಯಾಗಿ ಹೊಂದದೆ, ಎಳೆದು ಬಗ್ಗಿಸಿ ಬಿಗಿದಿದ್ದರೂ ಇದೇ ಗತಿ. ಸೈಲೆನ್ಸರ್‌ನ ಭಾರವೂ ಸಿಂಗಲ್ ಸಿಲಿಂಡರಿನ ನಡುಕವೂ ಆ ಸ್ಟಡ್‌ಗಳ ಮೇಲೆಯೇ ಬೀಳುತ್ತವೆ, ವೆಲ್ಡಿಂಗ್ ಬಿರುಕು ಬಿಡುತ್ತದೆ.

ಕ್ಯಾಟಲಿಟಿಕ್ ಕನ್ವರ್ಟರ್ ವಿಷಯ. ನೀವು ಬೆಂಡ್ ಪೈಪ್ ಸಮೇತ ಎಲ್ಲವನ್ನೂ ಬದಲಿಸಿರುವುದರಿಂದ ಅದು ಈಗ ನಿಮ್ಮ ಅಟ್ಟದ ಮೇಲಿದೆ. ಜೇನುಗೂಡಿನಂಥ ಅದರ ರಂಧ್ರಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಲೋಹಗಳ ಲೇಪವಿರುತ್ತದೆ. ಮುನ್ನೂರು ಡಿಗ್ರಿಯ ಆಸುಪಾಸು ಕಾದ ಮೇಲೆ ಅದು ಕಾರ್ಬನ್ ಮಾನಾಕ್ಸೈಡ್, ಉರಿಯದ ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳ ಬಹುಭಾಗವನ್ನು ನಿರುಪದ್ರವಿಯಾಗಿಸುತ್ತದೆ. ಅದಿಲ್ಲದ ಬಿಎಸ್ 6 ಬೈಕು ಬಿಎಸ್ 6 ಬೈಕಾಗಿ ಉಳಿಯುವುದಿಲ್ಲ. ಸಿಗ್ನಲ್‌ನಲ್ಲಿ ನಿಮ್ಮ ಹಿಂದೆ ನಿಂತ ಸ್ಕೂಟರಿನವರು, ಅವರ ಮುಂದೆ ನಿಂತ ಮಗು ಅದನ್ನು ಉಸಿರಾಡುತ್ತಾರೆ. ಎಮಿಷನ್ ಟೆಸ್ಟಿನಲ್ಲಿ ಪಾಸಾದರೆ ಎಲ್ಲ ಸರಿ ಎಂದುಕೊಳ್ಳುವುದೂ ತಪ್ಪು, ಅಲ್ಲಿ ನಿಂತಲ್ಲೇ ಓಡುವ ಎಂಜಿನ್‌ನ ಹೊಗೆಯನ್ನಷ್ಟೇ ಅಳೆಯುತ್ತಾರೆ, ಸದ್ದನ್ನಂತೂ ಅಳೆಯುವುದೇ ಇಲ್ಲ.

ಸದ್ದಿನ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವ ಆಸೆಯನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಹಳೆಯ ಬುಲೆಟ್‌ನ ಡುಗುಡುಗು ಸದ್ದನ್ನು ನಾನೂ ಪ್ರೀತಿಸುತ್ತೇನೆ. ಆದರೆ ಆ ಸದ್ದು ಬಂದದ್ದು ಸೈಲೆನ್ಸರ್ ತೂತಾಗಿದ್ದರಿಂದಲ್ಲ. 70 ಮಿ.ಮೀ. ಅಗಲದ ಸಿಲಿಂಡರಿನಲ್ಲಿ ಪಿಸ್ಟನ್ 90 ಮಿ.ಮೀ. ಚಲಿಸುತ್ತಿತ್ತು, ಫ್ಲೈವೀಲ್ ಭಾರವಾಗಿತ್ತು, ನಿಂತಲ್ಲಿ ಎಂಜಿನ್ ಬಹಳ ನಿಧಾನವಾಗಿ ಓಡುತ್ತಿತ್ತು. ನಿಮ್ಮ ಎಂಜಿನ್‌ನದು 72 ಮಿ.ಮೀ.ಗೆ 85.8 ಮಿ.ಮೀ. ಸಾವಿರ ಆರ್‌ಪಿಎಂನಲ್ಲಿ ನಿಂತಿದ್ದರೂ ಸೆಕೆಂಡಿಗೆ ಎಂಟು ಸಲ ಹೊತ್ತಿಕೊಳ್ಳುತ್ತದೆ, ಕಿವಿ ಅದನ್ನು ಒಂದೊಂದಾಗಿ ಎಣಿಸಲಾರದು. ಯಾವ ಸೈಲೆನ್ಸರೂ ಇದನ್ನು ಬದಲಿಸಲಾರದು, ಗಟ್ಟಿ ಮಾಡಬಲ್ಲದಷ್ಟೇ. 175 ಸಿಸಿಗಿಂತ ದೊಡ್ಡ ಬೈಕುಗಳಿಗೆ ತಯಾರಿಕೆಯ ಹಂತದಲ್ಲಿ ಇರುವ ಮಿತಿ 80 ಡೆಸಿಬಲ್. ಡೆಸಿಬಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ ಇರಬೇಕಾದ ಮಟ್ಟ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ನೀವು ಬೆಳಿಗ್ಗೆ ಐದಕ್ಕೆ ಚಿಕ್ಕಮಗಳೂರಿಗೆ ಹೊರಟಾಗ ನಿಮ್ಮ ಬೀದಿಗೆ ಏನಾಗುತ್ತದೆ ಎಂಬುದನ್ನು ಈ ಎರಡು ಅಂಕಿಗಳ ನಡುವೆ ನೋಡಬಹುದು. ಡಿಬಿ ಕಿಲ್ಲರ್ ಎಂದು ಕೊಡುವ ಸಣ್ಣ ಕೊಳವೆ ಸ್ವಲ್ಪ ತಗ್ಗಿಸುತ್ತದೆ, ಆದರೆ ಒಳಗಿನ ಗ್ಲಾಸ್ ವೂಲ್ ಕಾಲಕ್ರಮೇಣ ಸುಟ್ಟು ಉದುರಿದಂತೆ ಸದ್ದು ಮತ್ತೆ ಏರುತ್ತದೆ. ಜೋರು ಸದ್ದಿದ್ದರೆ ಲಾರಿಯವರು ದಾರಿ ಬಿಡುತ್ತಾರೆ, ಅಪಘಾತ ತಪ್ಪುತ್ತದೆ ಎಂಬ ಮಾತಿಗೂ ಹೆಚ್ಚು ಆಧಾರವಿಲ್ಲ. ಸೈಲೆನ್ಸರ್‌ನ ಬಾಯಿ ಹಿಂದಕ್ಕಿದೆ, ನಿಮಗೆ ಅಪಾಯ ಬಹುಪಾಲು ಮುಂದಿನಿಂದ ಬರುತ್ತದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಿಗದಿಪಡಿಸಿದ್ದಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ ನಿಯಮಬಾಹಿರ ಬದಲಾವಣೆಗೆ ಪ್ರತಿಯೊಂದಕ್ಕೂ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ವಿಧಿಸಲು ಅವಕಾಶವಿದೆ. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದರೆ 190ನೇ ಸೆಕ್ಷನ್‌ನಡಿ ಮೊದಲ ಸಲಕ್ಕೆ 10,000 ರೂ.ವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ, ಜೊತೆಗೆ ಮೂರು ತಿಂಗಳು ಡಿಎಲ್ ಅನರ್ಹತೆ. ಇವು ಕಾಯ್ದೆಯ ಗರಿಷ್ಠ ಮಿತಿಗಳು. ರಸ್ತೆಯಲ್ಲಿ ತಡೆದು ವಸೂಲಿ ಮಾಡುವ ಮೊತ್ತ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಇರುತ್ತದೆ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ಬಿಚ್ಚಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ನಿಮಗೆ ಎಚ್ಚರಿಕೆಯಲ್ಲೇ ಮುಗಿದಿದೆ. ವಾರಂಟಿಯ ವಿಷಯದಲ್ಲಿ, ಸೈಲೆನ್ಸರ್ ಬದಲಿಸಿದ್ದಕ್ಕೆ ಸ್ಪೀಡೋಮೀಟರಿನ ವಾರಂಟಿ ಹೋಗುವುದು ನ್ಯಾಯವಲ್ಲ. ಆದರೆ ವಾಲ್ವ್, ಸೆನ್ಸರ್, ಹೆಡ್ಡಿಗೆ ಸಂಬಂಧಿಸಿದ ದೂರನ್ನು ಕಂಪನಿ ನಿರಾಕರಿಸಿದರೆ ವಾದಿಸುವುದು ಕಷ್ಟ. ವಿಮೆಯಲ್ಲೂ ಹಾಗೆಯೇ. ತಿಳಿಸದೆ ಮಾಡಿದ ಬದಲಾವಣೆ ಕಂಡರೆ ನಿಮ್ಮ ಬೈಕಿನ ಹಾನಿಯ ಪರಿಹಾರಕ್ಕೆ ಸರ್ವೇಯರ್ ಆಕ್ಷೇಪ ಎತ್ತಲು ದಾರಿಯಾಗುತ್ತದೆ.

ಇಷ್ಟೆಲ್ಲ ಹಿನ್ನೆಲೆಯಲ್ಲಿ ನಿಮ್ಮ ಮೂರು ದಾರಿಗಳನ್ನು ನೋಡೋಣ. ಇಸಿಯು ಟ್ಯೂನಿಂಗ್ ಅಥವಾ ಅದರ ಸಂಕೇತಗಳನ್ನು ತಿದ್ದುವ ಪಿಗ್ಗಿಬ್ಯಾಕ್ ಎಂಬ ಸಾಧನ ಹಾಕುವುದರಿಂದ ಮಿಶ್ರಣವನ್ನು ಸರಿಪಡಿಸಬಹುದು, ಆದರೆ ಡೈನೋ ಮೇಲೆ ಬೈಕನ್ನು ಕಟ್ಟಿ, ಹೊಗೆಯ ಅಳತೆ ತೆಗೆದು, ತಿಳಿದವರು ಮಾಡಿದರೆ ಮಾತ್ರ. ಬೇರೊಂದು ಬೈಕಿನ ಮ್ಯಾಪನ್ನು (ಪೆಟ್ರೋಲಿನ ಲೆಕ್ಕಪಟ್ಟಿಯನ್ನು) ಲ್ಯಾಪ್‌ಟಾಪಿನಿಂದ ಹಾಕಿಕೊಡುವುದನ್ನು ಟ್ಯೂನಿಂಗ್ ಎನ್ನಲಾಗದು. ಗ್ಯಾಸ್ಕೆಟ್ ಸೋರುತ್ತಿರುವ ಎಂಜಿನ್‌ಗೆ ಟ್ಯೂನಿಂಗ್ ಮಾಡಿದರೆ ತಪ್ಪು ಅಳತೆಯ ಮೇಲೆ ತಪ್ಪು ಲೆಕ್ಕ ಕಟ್ಟಿದಂತೆ. ಎಷ್ಟೇ ಚೆನ್ನಾಗಿ ಮಾಡಿದರೂ ಕ್ಯಾಟಲಿಟಿಕ್ ಕನ್ವರ್ಟರ್, ಸದ್ದು, ಕಾನೂನು ಇವು ಬಗೆಹರಿಯುವುದಿಲ್ಲ. ಆದ್ದರಿಂದ ಈ ದಾರಿಯನ್ನು ನಾನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕಿಗೆ ಬೈಕನ್ನು ವಾಹನದಲ್ಲಿ ಸಾಗಿಸಿ ಓಡಿಸುವವರಿಗೆ ಮಾತ್ರ ಹೇಳುತ್ತೇನೆ.

ಒಳ್ಳೆಯ ಬ್ರ್ಯಾಂಡಿನದನ್ನು ಕೊಳ್ಳುವುದು ಎರಡನೆಯ ದಾರಿ. ಉತ್ತಮ ಸ್ಟೇನ್‌ಲೆಸ್ ಸ್ಟೀಲು, ನೇರವಾದ ಫ್ಲ್ಯಾಂಜ್, ಸರಿಯಾದ ಬ್ರ್ಯಾಕೆಟ್ ಸಿಗುವುದರಿಂದ ಸೋರಿಕೆ ಮತ್ತು ಬಿರುಕಿನ ತೊಂದರೆ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ದೊಡ್ಡ ವಿದೇಶಿ ಬ್ರ್ಯಾಂಡುಗಳ ಹೆಸರು ಕೊರೆದ ನಕಲಿಗಳೇ ನಮ್ಮ ಮಾರುಕಟ್ಟೆಯಲ್ಲಿ ತುಂಬಿವೆ. ಅಸಲಿಯ ಮೇಲೆ ಯುರೋಪಿನ ಇ ಗುರುತು ಇದ್ದರೂ ಅದು ಅಲ್ಲಿನ ನಿಯಮಕ್ಕೆ ಸಂಬಂಧಿಸಿದ್ದು, ನಮ್ಮ ಆರ್‌ಟಿಒ ಮುಂದೆ ಅನುಮತಿ ಪತ್ರವಾಗುವುದಿಲ್ಲ. ಬದಲಿಸಲೇಬೇಕೆಂಬ ಆಸೆಯಿದ್ದರೆ ನಿಮ್ಮ ಬೈಕಿನ ತಯಾರಕರೇ ಅದೇ ಮಾಡೆಲ್‌ಗೆಂದು ಒಪ್ಪಿಗೆ ಕೊಟ್ಟು ಮಾರುವ ಸೈಲೆನ್ಸರ್ ಇದೆಯೇ ಎಂದು ಷೋರೂಂನಲ್ಲಿ ಕೇಳಿ, ಬೆಂಡ್ ಪೈಪ್ ಮುಟ್ಟದೆ ಅದನ್ನು ಹಾಕಿಸಿ, ಬಿಲ್ಲನ್ನು ಜೋಪಾನವಾಗಿಡಿ.

ನಿಮಗೆ ನನ್ನ ಸಲಹೆ ಅಟ್ಟದ ಮೇಲಿರುವುದನ್ನು ಇಳಿಸುವುದು. ಮೊದಲು ಅದನ್ನು ಅಲುಗಿಸಿ ಕೇಳಿ, ಒಳಗೆ ಏನೂ ಗಿಲಗಿಲ ಎನ್ನಬಾರದು; ಬಾಯಿಯಲ್ಲಿ ಜೇಡ, ಕಡಜ ಗೂಡು ಕಟ್ಟಿದ್ದರೆ ತೆಗೆಯಿರಿ. ಹೊಸ ಗ್ಯಾಸ್ಕೆಟ್ ತಂದು, ಎಂಜಿನ್ ತಣ್ಣಗಿರುವಾಗ, ಎಲ್ಲ ಬೋಲ್ಟ್‌ಗಳನ್ನೂ ಸಡಿಲವಾಗಿ ಕೂರಿಸಿಕೊಂಡು, ಮೊದಲು ಹೆಡ್ಡಿನ ನಟ್ಟುಗಳನ್ನು ಎರಡೂ ಕಡೆ ಸಮವಾಗಿ, ಮ್ಯಾನುವಲ್‌ನಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಸಿ, ಹಿಂದಿನ ಬ್ರ್ಯಾಕೆಟ್ಟನ್ನು ಕೊನೆಗೆ ಬಿಗಿಸಲು ಹೇಳಿ. ಸೆನ್ಸರನ್ನು ಜೋಡಿಸುವಾಗ ವೈರು ತಿರುಚದಂತೆ ನೋಡಿಕೊಳ್ಳಲಿ. ಅದೇ ಹೊತ್ತಿಗೆ ಮೂರು ಸಂಗತಿ ಪರೀಕ್ಷಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದಾಗ ಒಣ ಕಪ್ಪು ಮಸಿ ಇದ್ದರೆ ನಾನು ಹೇಳಿದ ಗಟ್ಟಿ ಮಿಶ್ರಣ ಖಚಿತ, ಸುಣ್ಣದಂತೆ ಬೆಳ್ಳಗಿದ್ದರೆ ತೆಳು ಮಿಶ್ರಣ. ಎಂಜಿನ್ ಆಯಿಲ್ ಪೆಟ್ರೋಲಿನಂತೆ ನಾರುತ್ತಿದ್ದರೆ ಆಯಿಲ್ ಬದಲಿಸಿ. ಎಕ್ಸಾಸ್ಟ್ ವಾಲ್ವ್‌ನ ಟಪೆಟ್ ಸಡಿಲ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಮ್ಯಾನುವಲ್‌ನ ಅಳತೆಯಲ್ಲೇ ಇದ್ದರೆ ವಾಲ್ವ್ ಸೀಟು ಕ್ಷೇಮವಾಗಿದೆ ಎಂದು ಬಹುಮಟ್ಟಿಗೆ ನಂಬಬಹುದು.

ಆಮೇಲೆ ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿಸಿ, ಇಸಿಯುನಲ್ಲಿ ಉಳಿದ ದೋಷ ಸಂಕೇತವನ್ನು ಅಳಿಸುವ ಮೊದಲು ಅದರ ಸಂಖ್ಯೆಯನ್ನು ಬರೆದುಕೊಳ್ಳಿ. ಟ್ಯಾಂಕ್ ಪೂರ್ತಿ ತುಂಬಿಸಿ ಮುನ್ನೂರು ಕಿ.ಮೀ. ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ಮೈಲೇಜ್ ಲೆಕ್ಕ ಹಾಕಿ. ಪೈಪು ಹಲವು ಸಲ ಕಾದು ತಣ್ಣಗಾದ ಮೇಲೆ ಗ್ಯಾಸ್ಕೆಟ್ ಇನ್ನಷ್ಟು ಅಮುಕುವುದರಿಂದ ಐನೂರು ಕಿ.ಮೀ.ಗೆ ಹೆಡ್ಡಿನ ನಟ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಿಸಿ. ಮೈಲೇಜ್ 34, 35ಕ್ಕೆ ಮರಳಿದರೆ ನಿಮ್ಮ ಎಂಜಿನ್ ಚೆನ್ನಾಗಿದೆ. ಕಂಪನಿಯ ಸೈಲೆನ್ಸರ್ ಹಾಕಿದ ಮೇಲೂ ಲೈಟ್ ಹತ್ತಿದರೆ, ಆ ಸಂಕೇತದ ಸಂಖ್ಯೆಯನ್ನೂ ಪ್ಲಗ್‌ನ ಒಂದು ಫೋಟೋವನ್ನೂ ಕಳುಹಿಸಿ. ಆಗ ಅನುಮಾನ ಸೆನ್ಸರಿನ ಕಡೆಗೆ ತಿರುಗುತ್ತದೆ, ಅದನ್ನು ಪರೀಕ್ಷಿಸುವ ಕ್ರಮವನ್ನು ಬರೆಯುತ್ತೇನೆ.